ಬ್ರಿಟಿಷ್ ಪಠ್ಯಕ್ರಮದ ಶಾಲೆ: ಮಗಳಿಗೆ ಇಯರ್ 9 ಸರಿಯೋ, ಇಯರ್ 10 ಸರಿಯೋ? ಮೂರರಲ್ಲಿ ಯಾವ ಶಾಲೆ?

ಕಡಲಾಚೆಯಮ್ಮ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕಂಪನಿಯಿಂದ ಬೇರೆ ದೇಶಕ್ಕೆ ವರ್ಗ ಆಗಿದೆ, ಕಾಂಟ್ರಾಕ್ಟ್ ಮೂರು ವರ್ಷದ್ದು, ಸೆಪ್ಟೆಂಬರ್ ಹೊತ್ತಿಗೆ ಅಲ್ಲಿರಬೇಕು. ಆಮೇಲೆ ವಾಪಸ್ಸೋ, ಇನ್ನೊಂದು ದೇಶಕ್ಕೋ, ಈಗಲೇ ಯಾರೂ ಹೇಳುತ್ತಿಲ್ಲ. ಎಲ್ಲಿಗೆ ಹೋದರೂ ಸಿಗುವಂಥ ಪಠ್ಯಕ್ರಮ ಇರಲಿ ಅಂತ ಬ್ರಿಟಿಷ್ ಶಾಲೆಗೇ ಹಾಕೋಣ ಅಂದುಕೊಂಡೆವು. ಅಲ್ಲಿಗೆ ನಿರ್ಧಾರ ಮುಗಿಯಿತು ಅನ್ನಿಸಿತ್ತು, ಆದರೆ ಗೊಂದಲ ಶುರುವಾಗಿದ್ದೇ ಆಮೇಲೆ.

ಮಗಳಿಗೆ ನವೆಂಬರ್‌ನಲ್ಲಿ 14 ತುಂಬುತ್ತದೆ. ಈಗಿನ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದ್ದಾಳೆ. ಒಂದು ಶಾಲೆ ಇಯರ್ 9 ಕೊಡುತ್ತೇವೆ ಅನ್ನುತ್ತಿದೆ, ಇನ್ನೊಂದು ಶಾಲೆ ಟೆಸ್ಟ್ ನೋಡಿ ಇಯರ್ 10ಕ್ಕೇ ಸೇರಿಸಿಕೊಳ್ಳುತ್ತೇವೆ ಅನ್ನುತ್ತಿದೆ. ಮಗನಿಗೆ ಜುಲೈನಲ್ಲಿ 6 ತುಂಬಿತು, ಅವನಿಗೆ ಎಲ್ಲರೂ ಇಯರ್ 2 ಅನ್ನುತ್ತಾರೆ. ಅವನಿನ್ನೂ ಒಂದನೇ ತರಗತಿಗೇ ಕಾಲಿಟ್ಟಿಲ್ಲ, ನೇರ ಎರಡಕ್ಕೆ ಹಾಕಿದರೆ ಹೇಗೆ ಅಂತ ನನಗೆ ಭಯ.

ನೋಡಿರುವ ಶಾಲೆಗಳು ಮೂರು. ಮೊದಲನೆಯದು ದೊಡ್ಡದು, ಹೊಸ ಕ್ಯಾಂಪಸ್, ಇಂಗ್ಲೆಂಡಿನ ಒಂದು ಹಳೆಯ ಪ್ರಸಿದ್ಧ ಶಾಲೆಯ ಹೆಸರಿದೆ. ಫೀಸ್ ಎಲ್ಲಕ್ಕಿಂತ ಜಾಸ್ತಿ. ಎರಡನೆಯದು ಚಿಕ್ಕದು, ಹಳೆಯದು, ಕಟ್ಟಡ ಅಷ್ಟಕ್ಕಷ್ಟೆ, ಬಿಎಸ್‌ಒ ಇನ್‌ಸ್ಪೆಕ್ಷನ್ ಆಗಿದೆ ಅಂತ ಹೇಳಿಕೊಳ್ಳುತ್ತದೆ. ಮೂರನೆಯದು ಕೇಂಬ್ರಿಡ್ಜ್ ಶಾಲೆ ಅಂತ ಬೋರ್ಡ್ ಹಾಕಿಕೊಂಡಿದೆ, ಫೀಸ್ ಕಡಿಮೆ, ಮನೆಗೂ ಹತ್ತಿರ. ಮೂರೂ ನಮ್ಮದು ಬ್ರಿಟಿಷ್ ಪಠ್ಯಕ್ರಮ ಅನ್ನುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಏನು ಕೇಳಬೇಕು, ಏನು ನೋಡಬೇಕು, ಗೊತ್ತಿರುವವರು ದಯವಿಟ್ಟು ಹೇಳಿ.

———

ಚಾಕ್‌ಪೀಸು ಬರೆದಿದ್ದು:

ಮೇಡಂ, ನಾನು ಹಲವು ವರ್ಷ ಬೇರೆ ಬೇರೆ ದೇಶಗಳ ಬ್ರಿಟಿಷ್ ಶಾಲೆಗಳಲ್ಲಿ ಕೆಮಿಸ್ಟ್ರಿ ಕಲಿಸಿದವಳು. ಮೊದಲು ಮಗನ ವಿಷಯ, ಯಾಕೆಂದರೆ ಅದು ಸುಲಭ. ಅವನು ಯಾವ ತರಗತಿಯನ್ನೂ ಹಾರುತ್ತಿಲ್ಲ. ಇಂಗ್ಲೆಂಡಿನಲ್ಲಿ ಆಗಸ್ಟ್ 31ರ ಒಳಗೆ ಮಗುವಿಗೆ ಎಷ್ಟು ವರ್ಷ ತುಂಬಿದೆ ಅನ್ನೋದರ ಮೇಲೆ ಇಯರ್ ತೀರ್ಮಾನವಾಗುತ್ತದೆ. 4 ತುಂಬಿದ್ದರೆ ರಿಸೆಪ್ಷನ್ (ಇಯರ್ 1ರ ಹಿಂದಿನ ತರಗತಿ), 5 ತುಂಬಿದ್ದರೆ ಇಯರ್ 1, 6 ತುಂಬಿದ್ದರೆ ಇಯರ್ 2. ಬೇರೆ ಹಲವು ಕಡೆಯ ಗ್ರೇಡ್ ಲೆಕ್ಕಕ್ಕೆ ಒಂದು ಸೇರಿಸಿದರೆ ಇಯರ್ ಸಿಗುತ್ತದೆ, ಅಂದರೆ ಅವರ ಇಯರ್ 2 ಅಂದರೆ ಒಂದನೇ ಗ್ರೇಡ್. ಜುಲೈನಲ್ಲಿ ಹುಟ್ಟಿದವನು ಆದ್ದರಿಂದ ಕ್ಲಾಸಿನಲ್ಲಿ ತೀರಾ ಚಿಕ್ಕವರ ಪೈಕಿ ಇರುತ್ತಾನೆ, ಅಷ್ಟೇ. ಅದನ್ನು ಟೀಚರಿಗೆ ಮೊದಲೇ ಹೇಳಿಡಿ.

ಮಗಳಿಗೂ ಇದೇ ಲೆಕ್ಕ. ಆಗಸ್ಟ್ 31ಕ್ಕೆ ಅವಳಿಗೆ 13, ಆದ್ದರಿಂದ ಇಯರ್ 9 ಅವಳ ವಯಸ್ಸಿನ ತರಗತಿ. ಈಗ ಮುಖ್ಯ ಪ್ರಶ್ನೆ ಅವಳಿಗೆ ಇಯರ್ 10 ಓದಲು ಆಗುತ್ತದಾ ಅನ್ನೋದಲ್ಲ, ಆಗಬಹುದು. ನಿಮ್ಮ ಮೂರು ವರ್ಷ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನೋದು ಪ್ರಶ್ನೆ. ಈ ವ್ಯವಸ್ಥೆಯಲ್ಲಿ ಇಯರ್ 10 ಮತ್ತು 11 ಎರಡೂ ಸೇರಿ ಒಂದು ಕೋರ್ಸ್, ಅದರ ಕೊನೆಯಲ್ಲಿ ಐಜಿಸಿಎಸ್‌ಇ ಪರೀಕ್ಷೆ. ಇಯರ್ 12 ಮತ್ತು 13 ಸೇರಿ ಇನ್ನೊಂದು ಕೋರ್ಸ್, ಅದರ ಕೊನೆಯಲ್ಲಿ ಎ ಲೆವೆಲ್. ಈ ಎರಡರ ನಡುವೆ ಬಿಟ್ಟು ಹೋಗೋದು ಸಲೀಸು, ಒಂದರ ಮಧ್ಯದಲ್ಲಿ ಬಿಟ್ಟು ಹೋಗೋದು ಕಷ್ಟ. ಇಯರ್ 9ಕ್ಕೆ ಸೇರಿದರೆ ಮೂರು ವರ್ಷಕ್ಕೆ ಇಯರ್ 11 ಮುಗಿಯುತ್ತದೆ, ಕೈಯಲ್ಲಿ ಐಜಿಸಿಎಸ್‌ಇ ಸರ್ಟಿಫಿಕೇಟ್ ಇರುತ್ತದೆ, ಎಲ್ಲಿಗೆ ಬೇಕಾದರೂ ಹೋಗಿ. ಇಯರ್ 10ಕ್ಕೆ ಸೇರಿದರೆ ಎರಡು ವರ್ಷಕ್ಕೆ ಐಜಿಸಿಎಸ್‌ಇ ಮುಗಿದು, ಮೂರನೇ ವರ್ಷ ಅರ್ಧ ಎ ಲೆವೆಲ್ ಓದಿ ನಿಲ್ಲುತ್ತಾಳೆ. ಒಂದು ವರ್ಷ ಉಳಿಯಿತು ಅನ್ನಿಸಿದರೂ ಆ ಉಳಿತಾಯ ಕೊನೆಗೆ ಕೈಗೆ ಸಿಗೋದಿಲ್ಲ.

ಇನ್ನೊಂದು ಲಾಭ ಇದೆ. ಇಯರ್ 9ರ ಮಧ್ಯದಲ್ಲಿ ಮಕ್ಕಳು ಐಜಿಸಿಎಸ್‌ಇಗೆ ವಿಷಯ ಆರಿಸಿಕೊಳ್ಳುತ್ತಾರೆ, ಆಪ್ಷನ್ಸ್ ಅನ್ನುತ್ತಾರೆ ಅದಕ್ಕೆ. ಸೆಪ್ಟೆಂಬರ್‌ನಲ್ಲಿ ಸೇರಿದರೆ ಅವಳಿಗೆ ಟೀಚರ್‌ಗಳ ಪರಿಚಯ ಆಗಿ, ಯಾವುದು ಹಿಡಿಸುತ್ತದೆ ಅಂತ ನೋಡಿ, ಉಳಿದವರ ಜೊತೆಯಲ್ಲೇ ಆರಿಸಬಹುದು. ಇಯರ್ 10ಕ್ಕೆ ನೇರ ಬಂದ ಮಗುವಿಗೆ ಮಿಕ್ಕ ಸೀಟುಗಳೇ ಗತಿ. ಹಿಸ್ಟರಿ ಬೇಕಿದ್ದವರಿಗೆ ಬಿಸಿನೆಸ್ ಸ್ಟಡೀಸ್ ಸಿಕ್ಕಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಒಂದು ಮಾತು ಕೇಳಿಕೊಳ್ಳಿ. ಕೆಲವು ಶಾಲೆಗಳು ಐಜಿಸಿಎಸ್‌ಇಯನ್ನು ಇಯರ್ 9ರಲ್ಲೇ ಶುರುಮಾಡಿ ಮೂರು ವರ್ಷಕ್ಕೆ ಹರಡುತ್ತವೆ. ಹಾಗಿದ್ದರೆ ಆಪ್ಷನ್ಸ್ ಇಯರ್ 8ರಲ್ಲೇ ಮುಗಿದಿರುತ್ತದೆ.

ಇನ್ನು ಶಾಲೆಗಳ ವಿಚಾರ. ಬ್ರಿಟಿಷ್ ಅನ್ನೋ ಹೆಸರಿಗೆ ಯಾವ ಕಾವಲೂ ಇಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸಾಮಾನ್ಯವಾಗಿ ಅದರ ಅರ್ಥ ಇಂಗ್ಲೆಂಡಿನ ನ್ಯಾಷನಲ್ ಕರಿಕ್ಯುಲಮ್ (ಸ್ಕಾಟ್ಲೆಂಡಿನದು ಬೇರೆಯೇ). ಕೇಂಬ್ರಿಡ್ಜ್ ಶಾಲೆ ಅಂದರೆ ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಸಂಸ್ಥೆಯಲ್ಲಿ ನೋಂದಣಿ ಆದ ಶಾಲೆ. ಅಂಥವು ಪ್ರಪಂಚದಲ್ಲಿ 10,000ಕ್ಕೂ ಹೆಚ್ಚಿವೆ. ಆ ಸಂಸ್ಥೆಗೆ ತನ್ನದೇ ಪ್ರೈಮರಿ, ಲೋವರ್ ಸೆಕೆಂಡರಿ ಪಠ್ಯ ಇದೆ, ಅದು ಇಂಗ್ಲೆಂಡಿನ ಶಾಲೆಗಳ ಪಠ್ಯದಂತೆಯೇ ಅಲ್ಲ. ಕೆಟ್ಟದ್ದು ಅಂತ ಖಂಡಿತ ಹೇಳುತ್ತಿಲ್ಲ, ಒಳ್ಳೆಯ ಪಠ್ಯವೇ. ಆದರೆ ಆ ಬೋರ್ಡ್ ನೋಡಿದರೆ ಟೀಚರ್‌ಗಳು ಎಂಥವರು, ಮಕ್ಕಳ ಸುರಕ್ಷತೆ ಹೇಗೆ ಅನ್ನೋದು ತಿಳಿಯೋದಿಲ್ಲ.

ಬಿಎಸ್‌ಒ ಅಂದರೆ ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್. ಬ್ರಿಟನ್ನಿನ ಶಿಕ್ಷಣ ಇಲಾಖೆಯ ಯೋಜನೆ, 2010ರಿಂದ ಇದೆ. ಇಲಾಖೆ ಒಪ್ಪಿದ ಇನ್‌ಸ್ಪೆಕ್ಟರ್‌ಗಳು ಮೂರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಹೋಗಿ ನೋಡಬೇಕು. ಅಲ್ಲಿನ ಖಾಸಗಿ ಶಾಲೆಗಳಿಗೆ ಇರುವಂಥದ್ದೇ ಅಳತೆ: ಪಾಠ ಹೇಗಿದೆ, ಮಕ್ಕಳ ಕ್ಷೇಮ ಹೇಗೆ ನೋಡಿಕೊಳ್ಳುತ್ತಾರೆ, ಸಿಬ್ಬಂದಿಯ ಹಿನ್ನೆಲೆ ಪರಿಶೀಲಿಸಿದ್ದಾರಾ, ದೂರು ಬಂದರೆ ಏನು ಮಾಡುತ್ತಾರೆ, ಆಡಳಿತ ಹೇಗೆ. ವರದಿ ಎಲ್ಲರೂ ಓದಬಹುದು. ನಿಮ್ಮ ಎರಡನೇ ಶಾಲೆ ಸುಮ್ನೆ ಹೇಳಿಕೊಳ್ಳುತ್ತಿದೆಯಾ ಅಂತ ಇಲಾಖೆಯ ವೆಬ್‌ಸೈಟಿನಲ್ಲೇ ಹುಡುಕಿ ನೋಡಿ. ವರದಿ ಸಿಕ್ಕರೆ ಪೂರ್ತಿ ಓದಿ. ಶಿಫಾರಸು ಅಂತ ಕೊನೆಯಲ್ಲಿ ಬರೆದಿರುತ್ತಾರಲ್ಲ, ಅಲ್ಲಿ ಶಾಲೆಯ ನಿಜವಾದ ಬಲಹೀನತೆ ಇರುತ್ತದೆ. ಹೊಗಳಿಕೆಯ ಪುಟಗಳಿಗಿಂತ ಅದನ್ನು ನಿಧಾನವಾಗಿ ಓದಿ, ಭೇಟಿಗೆ ಹೋದಾಗ ಇದಕ್ಕೆ ಏನು ಮಾಡಿದಿರಿ ಅಂತ ಹೆಡ್ ಹತ್ತಿರ ನೇರವಾಗಿ ಕೇಳಿ.

———

ಹಲವೂರು ಬರೆದಿದ್ದು:

ಚಾಕ್‌ಪೀಸು ಅವರು ಹೇಳಿದ್ದು ಸರಿ, ನಾನು ತಂದೆಯ ಕಡೆಯಿಂದ ಒಂದೆರಡು ಸೇರಿಸುತ್ತೇನೆ. ನಮ್ಮ ಮಕ್ಕಳು ಓದಿದ್ದು ಮೂರು ದೇಶಗಳ ಬ್ರಿಟಿಷ್ ಶಾಲೆಗಳಲ್ಲಿ.

ಎಲ್ಲಿಗೆ ಹೋದರೂ ಅದೇ ಪಠ್ಯ ಸಿಗುತ್ತದೆ ಅನ್ನೋದು ಇಯರ್ 9ರ ತನಕ ಹೆಚ್ಚುಕಡಿಮೆ ನಿಜ. ಇಯರ್ 10ರಿಂದ ಅದು ನಿಜ ಅಲ್ಲ. ಯಾಕೆಂದರೆ ಆಮೇಲೆ ಪಾಠ ನಡೆಯೋದು ಪರೀಕ್ಷಾ ಬೋರ್ಡಿನ ಪ್ರಕಾರ, ಮತ್ತೆ ಬೋರ್ಡ್ ಒಂದೇ ಅಲ್ಲ. ಕೇಂಬ್ರಿಡ್ಜ್ ಇದೆ, ಪಿಯರ್‌ಸನ್ ಎಡೆಕ್ಸೆಲ್ ಇದೆ, ಆಕ್ಸ್‌ಫರ್ಡ್ ಎಕ್ಯೂಎ ಇದೆ. ಒಂದೇ ಶಾಲೆಯಲ್ಲಿ ಮ್ಯಾಥ್ಸ್ ಎಡೆಕ್ಸೆಲ್, ಬಯಾಲಜಿ ಕೇಂಬ್ರಿಡ್ಜ್ ಇರೋದು ಮಾಮೂಲು, ಆಯಾ ವಿಭಾಗದವರು ತಮಗೆ ಸರಿಕಂಡದ್ದನ್ನು ತಗೊಳ್ಳುತ್ತಾರೆ. ಮ್ಯಾಥ್ಸ್‌ನಲ್ಲಿ ಬೋರ್ಡ್ ಬದಲಾದರೆ ಹೇಗೋ ಸುಧಾರಿಸಬಹುದು. ಇಂಗ್ಲಿಷ್ ಲಿಟರೇಚರ್‌ನಲ್ಲಿ ಓದಬೇಕಾದ ನಾಟಕ, ಕಾದಂಬರಿಯೇ ಬೇರೆ ಆಗಿಬಿಡುತ್ತದೆ. ಹಿಸ್ಟರಿಯಲ್ಲಿ ಕಾಲಘಟ್ಟವೇ ಬೇರೆ. ಕೋರ್ಸ್‌ವರ್ಕ್ ಇರುವ ವಿಷಯದಲ್ಲಿ ಅರ್ಧ ಮಾಡಿಟ್ಟ ಕೆಲಸ ಹೊಸ ಶಾಲೆಗೆ ಉಪಯೋಗಕ್ಕೆ ಬಾರದೇ ಇರಬಹುದು. ನಮ್ಮ ದೊಡ್ಡವನ ಕ್ಲಾಸಿಗೆ ಇಯರ್ 11ರ ಜನವರಿಯಲ್ಲಿ ಒಬ್ಬ ಹುಡುಗ ಬಂದ. ಅವನ ಎರಡು ವಿಷಯ ಈ ಶಾಲೆಯಲ್ಲೇ ಇರಲಿಲ್ಲ, ಮನೆಪಾಠ ಹಿಡಿದು ಒದ್ದಾಡಿದ, ಪಾಪ.

ಆದ್ದರಿಂದ ಎಲ್ಲ ಶಾಲೆಗಳಿಂದಲೂ ಒಂದು ಪಟ್ಟಿ ತರಿಸಿಕೊಳ್ಳಿ, ಯಾವ ವಿಷಯಕ್ಕೆ ಯಾವ ಬೋರ್ಡ್, ಯಾವ ಸಿಲಬಸ್ ಕೋಡ್ ಅಂತ. ಈ ಪಟ್ಟಿ ತಕ್ಷಣ ಕೊಡುವ ಶಾಲೆ ಶಿಸ್ತಿನದು. ಅಡ್ಮಿಷನ್ ಆಫೀಸಿನವರು ಮೂರು ಸಲ ಕೇಳಿದರೂ ಕೊಡದಿದ್ದರೆ ಅದೂ ಒಂದು ಉತ್ತರವೇ.

ಇನ್ನೊಂದು ಕೇಳಬೇಕು ನಿಮ್ಮನ್ನು. ಮೂರು ವರ್ಷ ಅನ್ನೋದು ಗಟ್ಟಿಯಾ? ಎರಡೇ ವರ್ಷಕ್ಕೆ ಕರೆಸಿಕೊಳ್ಳುವ ಸಾಧ್ಯತೆ ಇದ್ದರೆ ಚಾಕ್‌ಪೀಸು ಅವರ ಲೆಕ್ಕ ತಲೆಕೆಳಗಾಗುತ್ತದೆ. ಆಗ ಇಯರ್ 9ಕ್ಕೆ ಸೇರಿದವಳು ಇಯರ್ 10 ಮುಗಿಸಿ, ಅಂದರೆ ಕೋರ್ಸಿನ ನಟ್ಟನಡುವೆ ಹೊರಡಬೇಕು. ಇಯರ್ 10ಕ್ಕೆ ಸೇರಿದ್ದರೆ ಮುಗಿಸಿಕೊಂಡೇ ಹೊರಡುತ್ತಾಳೆ. ಯಜಮಾನರು ಕಂಪನಿಯ ಹತ್ತಿರ ಇದನ್ನು ಖಚಿತ ಮಾಡಿಕೊಳ್ಳದೆ ನೀವು ಇಯರ್ ತೀರ್ಮಾನ ಮಾಡಬೇಡಿ.

———

ಕಡಲಾಚೆಯಮ್ಮ ಬರೆದಿದ್ದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗನ ವಿಷಯದಲ್ಲಿ ಜೀವಕ್ಕೆ ಸಮಾಧಾನ ಆಯಿತು. ಮೂರು ವರ್ಷ ಗಟ್ಟಿಯೇ, ಕಾಗದದಲ್ಲಿದೆ. ವಿಸ್ತರಿಸಬಹುದು, ಕಡಿಮೆ ಮಾಡುವ ಮಾತಿಲ್ಲ ಅಂದರಂತೆ. ಒಂದು ವೇಳೆ ಅವರು ಮೊದಲೇ ಹೊರಡಬೇಕಾಗಿ ಬಂದರೆ ನಾನು ಮಕ್ಕಳ ಜೊತೆ ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರಲು ವೀಸಾ ಆಗುತ್ತದಾ ಅಂತ ಈಗ ವಿಚಾರಿಸುತ್ತಿದ್ದಾರೆ.

ಎರಡು ಅನುಮಾನ ಉಳಿದಿವೆ. ಮೊದಲನೇ ಶಾಲೆಯವರು ನಮ್ಮಲ್ಲಿ ಇಷ್ಟು ಪರ್ಸೆಂಟ್ ಮಕ್ಕಳಿಗೆ 9ರಿಂದ 7ರ ಗ್ರೇಡ್ ಅಂತ ದೊಡ್ಡ ಬ್ಯಾನರ್ ಹಾಕಿದ್ದಾರೆ. ಎರಡನೇ ಶಾಲೆಯದು ಅದಕ್ಕಿಂತ ಸಾಕಷ್ಟು ಕಡಿಮೆ. ಇದನ್ನು ಹೇಗೆ ನೋಡಬೇಕು? ಮತ್ತೆ ಮಗಳು ಇಂಗ್ಲಿಷ್ ಮಾತಾಡುತ್ತಾಳೆ, ಪುಸ್ತಕವೂ ಓದುತ್ತಾಳೆ, ಆದರೆ ಮನೆಯಲ್ಲಿ ನಾವು ಕನ್ನಡವೇ. ಒಂದು ಶಾಲೆ ಅವಳಿಗೆ ಇಎಎಲ್ (ಇಂಗ್ಲಿಷ್‌ಗೆ ಹೆಚ್ಚುವರಿ ಸಹಾಯ) ಬೇಕಾಗಬಹುದು ಅಂದಿದ್ದಕ್ಕೆ ಅವಳು ಮುಖ ಸಣ್ಣ ಮಾಡಿಕೊಂಡಿದ್ದಾಳೆ. ಮೂರನೇ ಶಾಲೆಯನ್ನು ಪೂರ್ತಿ ಬಿಟ್ಟುಬಿಡಬೇಕಾ ಅನ್ನೋದನ್ನೂ ಹೇಳಿ, ಫೀಸ್ ವ್ಯತ್ಯಾಸ ಸಣ್ಣದಲ್ಲ.

———

ನಿಧಾನಿ ಬರೆದಿದ್ದು:

ಮೂರನೇ ಶಾಲೆಯ ಪರವಾಗಿ ನಾನು ಮಾತಾಡುತ್ತೇನೆ, ಯಾಕೆಂದರೆ ನಮ್ಮ ಮಕ್ಕಳು ಓದುತ್ತಿರೋದು ಅಂಥದ್ದರಲ್ಲೇ. ಬಿಎಸ್‌ಒ ಸ್ವಇಚ್ಛೆಯದು. ಶಾಲೆ ತಾನೇ ದುಡ್ಡು ಕೊಟ್ಟು ಮಾಡಿಸಿಕೊಳ್ಳಬೇಕು. ಮಾಡಿಸಿಲ್ಲ ಅಂದ ಮಾತ್ರಕ್ಕೆ ಶಾಲೆ ಚೆನ್ನಾಗಿಲ್ಲ ಅಂತಲ್ಲ. ಕೆಲವು ದೇಶಗಳಲ್ಲಿ ಅಲ್ಲಿನ ಸರ್ಕಾರವೇ ಇನ್‌ಸ್ಪೆಕ್ಷನ್ ಮಾಡಿ ವರದಿ ಹಾಕುತ್ತದೆ. ದುಬೈಯಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ ವರದಿ ಹಾಕಿರುವ ಹಾಗೆ. ನೀವು ಹೋಗುವ ದೇಶದಲ್ಲಿ ಅಂಥದ್ದಿದೆಯಾ ನೋಡಿ. ಕೋಬಿಸ್, ಏಷ್ಯಾ ಕಡೆಯ ಫೋಬಿಸಿಯಾ, ಮಧ್ಯಪ್ರಾಚ್ಯದ ಬಿಎಸ್‌ಎಂಇ, ಇಂಥ ಬ್ರಿಟಿಷ್ ಶಾಲೆಗಳ ಒಕ್ಕೂಟಗಳಲ್ಲಿ ಸದಸ್ಯತ್ವ ಇದೆಯಾ ಅಂತಲೂ ಕೇಳಿ. ಏನೂ ಇಲ್ಲ, ಯಾರೂ ಹೊರಗಿನವರು ಬಂದು ನೋಡಿಲ್ಲ ಅಂದರೆ ಮಾತ್ರ ಯೋಚನೆ ಮಾಡಿ.

ಹೊರಗಿನ ಮುದ್ರೆ ಇಲ್ಲದ ಶಾಲೆಗೆ ನೀವೇ ಇನ್‌ಸ್ಪೆಕ್ಟರ್ ಆಗಬೇಕು. ನಾವು ಮಾಡಿದ್ದು ಹಾಗೆಯೇ. ಕಳೆದ ವರ್ಷ ಎಷ್ಟು ಟೀಚರ್‌ಗಳು ಬಿಟ್ಟು ಹೋದರು ಅಂತ ಕೇಳಿದೆವು. ಈ ಶಾಲೆಗಳಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಜಾಸ್ತಿ, ಒಂದಷ್ಟು ಜನ ಹೋಗೋದು ಸಹಜ, ಆದರೆ ಇಯರ್ 11ಕ್ಕೆ ಪಾಠ ಮಾಡುವವರು ನಡುವೆ ಬದಲಾಗುತ್ತಾರಾ ಅನ್ನೋದು ಮುಖ್ಯ. ಟೀಚರ್‌ಗಳಿಗೆ ಕ್ಯೂಟಿಎಸ್ (ಇಂಗ್ಲೆಂಡಿನ ಶಿಕ್ಷಕ ಅರ್ಹತೆ) ಇದೆಯಾ, ಅಥವಾ ತಮ್ಮ ದೇಶದ ಶಿಕ್ಷಕ ತರಬೇತಿ ಆಗಿದೆಯಾ ಕೇಳಿದೆವು. ನೇಮಕದ ಮುಂಚೆ ಪೊಲೀಸ್ ತಪಾಸಣೆ ಹೇಗೆ ಮಾಡುತ್ತೀರಿ ಅಂತಲೂ ಕೇಳಿ, ಮುಜುಗರ ಬೇಡ. ಬ್ರಿಟನ್ನಿನಲ್ಲಿ ಇದ್ದು ಬಂದವರಿಗೆ ಐಸಿಪಿಸಿ ಅಂತ ಮಕ್ಕಳ ರಕ್ಷಣೆಯ ಸರ್ಟಿಫಿಕೇಟ್ ಸಿಗುತ್ತದೆ. ಒಳ್ಳೆಯ ಶಾಲೆಯ ಅಡ್ಮಿಷನ್‌ನವರಿಗೆ ಆ ಹೆಸರು ಗೊತ್ತೇ ಇರುತ್ತದೆ. ಮಗುವಿಗೆ ತೊಂದರೆಯಾದರೆ ಯಾರ ಹತ್ತಿರ ಹೋಗಬೇಕು ಅಂತ ಕಾರಿಡಾರಿನಲ್ಲಿ ಸಿಕ್ಕ ಒಬ್ಬ ವಿದ್ಯಾರ್ಥಿಯನ್ನೇ ಕೇಳಿ. ಅವನು ತಡವರಿಸದೆ ಒಬ್ಬರ ಹೆಸರು ಹೇಳಿದರೆ ಆ ಶಾಲೆಯಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಮೊದಲನೇ ಶಾಲೆಗೂ ಇದೇ ಪ್ರಶ್ನೆಗಳು. ಇಂಗ್ಲೆಂಡಿನ ಪ್ರಸಿದ್ಧ ಹೆಸರು ಇದ್ದ ಮಾತ್ರಕ್ಕೆ ಆ ಮೂಲ ಶಾಲೆಯೇ ಇದನ್ನು ನಡೆಸುತ್ತದೆ ಅಂತಲ್ಲ. ಬಹಳ ಕಡೆ ಹೆಸರು ಲೈಸೆನ್ಸ್ ಮೇಲೆ ಬಂದಿರುತ್ತದೆ, ಕಟ್ಟಡ, ಹಣ, ಆಡಳಿತ ಬೇರೆ ಕಂಪನಿಯದು. ಕೆಲವು ಕಡೆ ಸಂಬಂಧ ನಿಜಕ್ಕೂ ಗಟ್ಟಿ ಇರುತ್ತದೆ. ಮೂಲ ಶಾಲೆಯವರು ಆಡಳಿತ ಮಂಡಳಿಯಲ್ಲಿ ಕೂರುತ್ತಾರಾ, ವರ್ಷಕ್ಕೊಮ್ಮೆಯಾದರೂ ಬಂದು ಪಾಠ ನೋಡುತ್ತಾರಾ, ಹೆಡ್‌ನ ನೇಮಕದಲ್ಲಿ ಅವರ ಮಾತು ನಡೆಯುತ್ತದಾ, ಕೇಳಿ.

ಇಎಎಲ್ ಬಗ್ಗೆ ಮಗಳಿಗೆ ಹೇಳಿ, ಅದು ಶಿಕ್ಷೆ ಅಲ್ಲ. ಇಂಗ್ಲಿಷ್ ಮನೆಭಾಷೆ ಅಲ್ಲದ ಮಕ್ಕಳಿಗೆ ಕೊಡುವ ಒತ್ತಾಸೆ. ಮಾತಾಡುವ ಇಂಗ್ಲಿಷ್ ಬೇರೆ, ಹಿಸ್ಟರಿ ಪೇಪರಿನಲ್ಲಿ ವಾದ ಮಂಡಿಸಿ ಎರಡು ಪುಟ ಬರೆಯುವ ಇಂಗ್ಲಿಷ್ ಬೇರೆ. ನೀವು ಕೇಳಬೇಕಾದ್ದು, ಆ ಪಾಠಕ್ಕೆ ಅವಳನ್ನು ಯಾವ ಪೀರಿಯಡ್‌ನಿಂದ ಎಬ್ಬಿಸಿಕೊಂಡು ಹೋಗುತ್ತಾರೆ ಅಂತ. ಸೈನ್ಸ್ ತಪ್ಪಿಸಿ ಕರೆದುಕೊಂಡು ಹೋದರೆ ಒಪ್ಪಬೇಡಿ. ಇಎಎಲ್ ಟೀಚರ್ ಕ್ಲಾಸಿಗೇ ಬಂದು ಪಕ್ಕದಲ್ಲಿ ನಿಂತು ಸಹಾಯ ಮಾಡುವ ಪದ್ಧತಿ ಇದ್ದರೆ ಇನ್ನೂ ಒಳ್ಳೆಯದು. ಕೆಲವರು ಇದಕ್ಕೆ ಬೇರೆ ಫೀಸ್ ಹಾಕುತ್ತಾರೆ. ಮತ್ತೆ ಮನೆಯಲ್ಲಿ ಇಂಗ್ಲಿಷ್ ಶುರು ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಮನೆಯ ಭಾಷೆ ಗಟ್ಟಿಯಿರುವ ಮಗು ಎರಡನೇ ಭಾಷೆಯನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಮನೆಯಲ್ಲಿ ಕನ್ನಡವೇ ಇರಲಿ.

———

ಚಾಕ್‌ಪೀಸು ಬರೆದಿದ್ದು:

ನಿಧಾನಿ ಅವರ ಪಟ್ಟಿ ಚೆನ್ನಾಗಿದೆ. ಮೂರನೇ ಶಾಲೆಯನ್ನು ನೋಡದೆ ಬಿಡಬೇಡಿ ಅನ್ನೋದಕ್ಕೆ ನನ್ನ ಒಪ್ಪಿಗೆಯೂ ಇದೆ.

ರಿಸಲ್ಟ್ ಬ್ಯಾನರ್ ಬಗ್ಗೆ. 9, 8, 7 ಅಂದರೆ ಹಳೆಯ ಎ ಸ್ಟಾರ್ ಮತ್ತು ಎ, 4 ಅಂದರೆ ಹಳೆಯ ಸಿ ಮಟ್ಟ. ಕೇಂಬ್ರಿಡ್ಜ್‌ನಲ್ಲಿ ಇನ್ನೂ ಅಕ್ಷರದ ಗ್ರೇಡೂ ನಡೆಯುತ್ತದೆ, ಎಡೆಕ್ಸೆಲ್ ಐಜಿಸಿಎಸ್‌ಇ ಅಂಕಿಯಲ್ಲಿ. ಆ ಪರ್ಸೆಂಟ್ ನೋಡಿದಾಗ ಮೊದಲು ಕೇಳಬೇಕಾದ್ದು, ಎಷ್ಟು ಮಕ್ಕಳು ಬರೆದರು ಅಂತ. 20 ಮಕ್ಕಳ ಬ್ಯಾಚ್‌ನಲ್ಲಿ ನಾಲ್ಕು ಮಕ್ಕಳು ಹೆಚ್ಚುಕಡಿಮೆ ಆದರೆ 20 ಪರ್ಸೆಂಟ್ ಏರುಪೇರು. ಎರಡನೆಯದು, ಶಾಲೆ ಪ್ರವೇಶದಲ್ಲೇ ಆರಿಸಿ ತಗೊಳ್ಳುತ್ತದಾ? ಬಹಳ ಶಾಲೆಗಳು ಮಗುವಿನ ಯೋಚನಾ ಸಾಮರ್ಥ್ಯ ಅಳೆಯುವ ಕ್ಯಾಟ್4 ಅನ್ನೋ ಟೆಸ್ಟ್ ಕೊಡುತ್ತವೆ, ಅದರಲ್ಲಿ ಸರಾಸರಿ 100. ಸರಾಸರಿಗಿಂತ ಬಹಳ ಮೇಲಿನವರನ್ನೇ ಸೇರಿಸಿಕೊಂಡ ಶಾಲೆಗೆ ಒಳ್ಳೆಯ ಗ್ರೇಡ್ ಬರೋದು ದೊಡ್ಡ ಮಾತಲ್ಲ. ಎಲ್ಲರನ್ನೂ ಸೇರಿಸಿಕೊಂಡು, ಅವರ ಕ್ಯಾಟ್4 ಹೇಳಿದ ಅಂದಾಜಿಗಿಂತ ಒಂದು ಗ್ರೇಡ್ ಮೇಲೆ ತಂದಿದ್ದರೆ ಅದು ಪಾಠದ ಶಕ್ತಿ. ಅದನ್ನು ವ್ಯಾಲ್ಯೂ ಆಡೆಡ್ ಅನ್ನುತ್ತಾರೆ, ಆ ಲೆಕ್ಕ ತೋರಿಸಿ ಅಂತ ಕೇಳಿ. ಎರಡನೇ ಶಾಲೆಯ ಕಡಿಮೆ ಪರ್ಸೆಂಟ್ ಹಿಂದೆ ಇದೇ ಇರಬಹುದು. ಮೂರನೆಯದು, ಇಯರ್ 10ರಲ್ಲಿ ಎಷ್ಟು ಮಕ್ಕಳಿದ್ದರು, ಇಯರ್ 11ರಲ್ಲಿ ಎಷ್ಟು ಮಕ್ಕಳು ಪರೀಕ್ಷೆಗೆ ಕೂತರು. ನಡುವೆ ಕರಗಿದ ಮಕ್ಕಳು ಎಲ್ಲಿ ಹೋದರು ಅನ್ನೋದಕ್ಕೆ ವರ್ಗಾವಣೆಯೂ ಕಾರಣ ಇರಬಹುದು, ಬೇರೆಯೂ ಇರಬಹುದು.

ಮಗಳಿಗೆ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ, ಇದನ್ನು ಯಾವ ಬ್ರೋಷರೂ ಹೇಳೋದಿಲ್ಲ. ಕೇಂಬ್ರಿಡ್ಜ್ ಮ್ಯಾಥ್ಸ್‌ನಲ್ಲಿ ಕೋರ್ ಮತ್ತು ಎಕ್ಸ್‌ಟೆಂಡೆಡ್ ಅಂತ ಎರಡು ದಾರಿ. ಕೋರ್ ಬರೆದವರಿಗೆ ಎಷ್ಟೇ ಚೆನ್ನಾಗಿ ಬರೆದರೂ ಸಿಗುವ ಅತಿ ಮೇಲಿನ ಗ್ರೇಡ್ ಸಿ. ಎಡೆಕ್ಸೆಲ್‌ನಲ್ಲಿ ಫೌಂಡೇಶನ್ ಬರೆದವರಿಗೆ 5ಕ್ಕಿಂತ ಮೇಲೆ ಇಲ್ಲ. ಆಮೇಲೆ ಎ ಲೆವೆಲ್ ಮ್ಯಾಥ್ಸ್ ತಗೊಳ್ಳಲು ಬಹಳ ಶಾಲೆಗಳು ಬಿಡೋದಿಲ್ಲ. ಹೊಸದಾಗಿ ಬಂದ ಮಗುವನ್ನು ಟೆಸ್ಟಿನ ದಿನದ ಒಂದು ಪೇಪರ್ ನೋಡಿ ಕೆಳಗಿನ ಸೆಟ್‌ಗೆ (ಮಟ್ಟ ನೋಡಿ ಮಾಡುವ ಗುಂಪಿಗೆ) ಹಾಕಿ ಅಲ್ಲೇ ಮರೆತುಬಿಡೋದು ನಡೆಯುತ್ತದೆ. ಯಾವ ಸೆಟ್, ಯಾವ ಪೇಪರ್, ಮೇಲಕ್ಕೆ ಹೋಗುವ ಅವಕಾಶ ಯಾವಾಗ ಅಂತ ಕೇಳುತ್ತಲೇ ಇರಿ.

ಸೈನ್ಸ್‌ನಲ್ಲೂ ಹೀಗೆಯೇ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಬೇರೆ ಬೇರೆಯಾಗಿ ಬರೆಯಬಹುದು, ಅಥವಾ ಸೇರಿಸಿ ಎರಡು ಐಜಿಸಿಎಸ್‌ಇಗೆ ಸಮ ಆಗುವ ಡಬಲ್ ಅವಾರ್ಡ್. ಡಬಲ್ ತಗೊಂಡರೂ ಎ ಲೆವೆಲ್ ಸೈನ್ಸ್‌ಗೆ ಹೋಗಬಹುದು, ನನ್ನ ಎಷ್ಟೋ ವಿದ್ಯಾರ್ಥಿಗಳು ಹೋಗಿದ್ದಾರೆ. ಆದರೆ ಒಂದೇ ಐಜಿಸಿಎಸ್‌ಇಗೆ ಸಮ ಆಗುವ ಸಿಂಗಲ್ ಅವಾರ್ಡ್ ಕೊಡುತ್ತೇವೆ ಅಂದರೆ, ಅವಳಿಗೆ ಮುಂದೆ ಸೈನ್ಸ್ ಬೇಕಿದ್ದರೆ, ಬೇಡ ಅನ್ನಿ. ಇಂಗ್ಲಿಷ್‌ನಲ್ಲಿ ಫಸ್ಟ್ ಲ್ಯಾಂಗ್ವೇಜ್ ಮತ್ತು ಸೆಕೆಂಡ್ ಲ್ಯಾಂಗ್ವೇಜ್ ಅಂತ ಎರಡು ಬೇರೆ ಪರೀಕ್ಷೆ ಇವೆ. ನೀವು ಹೇಳಿದ ಹಾಗೆ ಓದುವ ಹುಡುಗಿಗೆ ಎರಡು ವರ್ಷದಲ್ಲಿ ಫಸ್ಟ್ ಲ್ಯಾಂಗ್ವೇಜ್ ಸಾಧ್ಯ. ಇಎಎಲ್ ಹೆಸರಿದೆ ಅಂತ ಮೊದಲೇ ಸೆಕೆಂಡ್ ಲ್ಯಾಂಗ್ವೇಜ್‌ಗೆ ಬರೆಸಿಬಿಡುತ್ತಾರಾ ನೋಡಿಕೊಳ್ಳಿ. ಮೂರು ವರ್ಷದ ನಂತರ ನಿಮ್ಮ ಸ್ವಂತ ದೇಶದ ವ್ಯವಸ್ಥೆಗೆ ವಾಪಸ್ ಹೋಗುವುದಾದರೆ ಅಲ್ಲಿ ಸಮಾನತೆಗೆ ಎಷ್ಟು ವಿಷಯ, ಯಾವ ಗ್ರೇಡ್ ಕೇಳುತ್ತಾರೆ ಅಂತ ಆಪ್ಷನ್ಸ್ ತುಂಬುವ ಮುಂಚೆಯೇ ತಿಳಿದುಕೊಳ್ಳಿ, ಆಮೇಲೆ ಅಲ್ಲ.

ಮಗನ ವಿಷಯದಲ್ಲಿ ಒಂದೇ ಎಚ್ಚರಿಕೆ. ಅಲ್ಲಿ ಓದು ಕಲಿಸೋದು ಫೋನಿಕ್ಸ್ ಮೂಲಕ, ಅಕ್ಷರದ ಹೆಸರಲ್ಲ, ಅದರ ಧ್ವನಿ. ಇಯರ್ 2ಕ್ಕೆ ಬಂದ ಉಳಿದ ಮಕ್ಕಳು ರಿಸೆಪ್ಷನ್‌ನಿಂದ ಅದನ್ನೇ ಮಾಡಿರುತ್ತಾರೆ. ಇಂಗ್ಲೆಂಡಿನಲ್ಲಿ ಇಯರ್ 1ರ ಕೊನೆಗೆ ಇದಕ್ಕೊಂದು ತಪಾಸಣೆಯೂ ಇದೆ, 40 ಪದ ಓದಿಸುತ್ತಾರೆ, ಅರ್ಧ ಪದಗಳಿಗೆ ಅರ್ಥವೇ ಇರೋದಿಲ್ಲ, ಧ್ವನಿ ಕೂಡಿಸಿ ಓದಲು ಬರುತ್ತದಾ ಅಂತ ನೋಡಲು. ಸ್ಪೆಲ್ಲಿಂಗ್ ಉರುಹೊಡೆದು ಬಂದ ಜಾಣ ಮಗುವೂ ಮೊದಲ ಕೆಲವು ವಾರ ತಬ್ಬಿಬ್ಬಾಗುತ್ತದೆ. ಶಾಲೆಯಲ್ಲಿ ಯಾವ ಫೋನಿಕ್ಸ್ ಕ್ರಮ ಅಂತ ಈಗಲೇ ಕೇಳಿ, ಸೆಪ್ಟೆಂಬರ್ ತನಕ ದಿನಾ ಸ್ವಲ್ಪ ಆಟದ ಹಾಗೆ ಮಾಡಿಸಿ. ಆರು ವರ್ಷದವರು ಬೇಗ ಹಿಡಿಯುತ್ತಾರೆ.

———

ಹಲವೂರು ಬರೆದಿದ್ದು:

ಫೀಸ್ ಬಗ್ಗೆ ಒಂದು ಮಾತು. ಮೂರೂ ಶಾಲೆಗಳ ಟ್ಯೂಷನ್ ಫೀಸ್ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಅರ್ಜಿ ಶುಲ್ಕ, ಡೆಪಾಸಿಟ್, ಕೆಲವು ಕಡೆ ಕಟ್ಟಡಕ್ಕೆ ಅಂತ ಒಮ್ಮೆ ಕಟ್ಟುವ ದೊಡ್ಡ ಮೊತ್ತ, ಬಸ್, ಯೂನಿಫಾರ್ಮ್, ಲ್ಯಾಪ್‌ಟಾಪ್, ಇಎಎಲ್, ಟ್ರಿಪ್, ಕೊನೆಗೆ ಐಜಿಸಿಎಸ್‌ಇ ಪರೀಕ್ಷಾ ಶುಲ್ಕ ವಿಷಯಕ್ಕೆ ಇಷ್ಟು ಅಂತ ಬೇರೆ. ಕಂಪನಿ ಕೊಡೋದು ಟ್ಯೂಷನ್ ಮಾತ್ರವಾ, ಎಲ್ಲವೂ ಸೇರಿದೆಯಾ? ಈಗಲೇ ಮಾತಾಡಿ ಬರಹದಲ್ಲಿ ತಗೊಳ್ಳಿ, ಅಲ್ಲಿಗೆ ಹೋದ ಮೇಲೆ ಆ ಮಾತಿಗೆ ಬೆಲೆ ಇರೋದಿಲ್ಲ. ಶಾಲೆ ಬಿಡುವಾಗ ಸಾಮಾನ್ಯವಾಗಿ ಪೂರ್ತಿ ಒಂದು ಟರ್ಮ್ ಮುಂಚೆ ಲಿಖಿತ ನೋಟಿಸ್ ಕೊಡಬೇಕು, ಕೊಡದಿದ್ದರೆ ಒಂದು ಟರ್ಮಿನ ಫೀಸ್ ಕಟ್ಟಿಸಿಕೊಳ್ಳುತ್ತಾರೆ. ವರ್ಗಾವಣೆ ಹಠಾತ್ತಾಗಿ ಬರುವ ಮನೆಯವರಿಗೆ ಇದು ದೊಡ್ಡ ಹೊರೆ. ಕಂಪನಿ ವರ್ಗಾವಣೆಗೆ ರಿಯಾಯಿತಿ ಇದೆಯಾ ಅಂತ ಕೇಳಿ, ಕೆಲವರು ಒಪ್ಪುತ್ತಾರೆ.

———

ಕಡಲಾಚೆಯಮ್ಮ ಬರೆದಿದ್ದು:

ಎಲ್ಲ ಪ್ರಶ್ನೆಗಳನ್ನೂ ಮೂರೂ ಶಾಲೆಗೆ ಕಳಿಸಿದ್ದೆ, ವಿಡಿಯೋ ಕಾಲ್ ಕೂಡ ಆಯಿತು. ಬಂದ ಉತ್ತರ ಹೀಗಿದೆ.

ಮೊದಲನೇ ಶಾಲೆಯವರು ಬ್ರೋಷರ್ ಮತ್ತೊಮ್ಮೆ ಕಳಿಸಿದರು. ಮೂಲ ಶಾಲೆಯ ಜೊತೆ ಏನು ಸಂಬಂಧ ಅಂದರೆ ಪರಂಪರೆ ಹಂಚಿಕೊಳ್ಳುತ್ತೇವೆ ಅಂದರು, ಅದಕ್ಕಿಂತ ಜಾಸ್ತಿ ಹೊರಬರಲಿಲ್ಲ. ಮಗಳನ್ನು ಇಯರ್ 10ಕ್ಕೆ ಕರೆಯುತ್ತಿರೋದು ಇವರೇ, ಇಯರ್ 9ರಲ್ಲಿ ಸೀಟಿಲ್ಲ, 10ರಲ್ಲಿದೆ ಅನ್ನೋದು ಮಾತಿನ ನಡುವೆ ಗೊತ್ತಾಯಿತು. ಮೂರನೇ ಶಾಲೆಯವರು ತುಂಬಾ ಪ್ರಾಮಾಣಿಕವಾಗಿ ಮಾತಾಡಿದರು. ಪ್ರೈಮರಿ ವಿಭಾಗ ನಿಜಕ್ಕೂ ಹಿಡಿಸಿತು. ಆದರೆ ಇಯರ್ 10ರಿಂದ ಮೇಲೆ ಮಕ್ಕಳು ಬಹಳ ಕಡಿಮೆ, ಹಾಗಾಗಿ ಫಿಸಿಕ್ಸ್ ಬೇರೆಯಾಗಿ ಕೊಡಲು ಆಗೋದಿಲ್ಲ, ಸಿಂಗಲ್ ಅವಾರ್ಡ್ ಸೈನ್ಸ್ ಮಾತ್ರ ಅಂದರು. ಮಗಳಿಗೆ ಸೈನ್ಸ್ ಬೇಕು. ಎರಡನೇ ಶಾಲೆಯವರು ಬೋರ್ಡ್‌ಗಳ ಪಟ್ಟಿ ಅವತ್ತೇ ಕಳಿಸಿದರು. ಬಿಎಸ್‌ಒ ವರದಿ ಸಿಕ್ಕಿತು, ಓದಿದೆ. ಚುರುಕಾದ ಮಕ್ಕಳಿಗೆ ಇನ್ನೂ ಸವಾಲಿನ ಕೆಲಸ ಕೊಡಬೇಕು ಅಂತ ಶಿಫಾರಸಿನಲ್ಲಿತ್ತು. ಹೆಡ್ ಅದನ್ನು ಮುಚ್ಚಿಡಲಿಲ್ಲ, ಮ್ಯಾಥ್ಸ್‌ನಲ್ಲಿ ಏನು ಬದಲಾಯಿಸಿದ್ದೇವೆ ಅಂತ ವಿವರವಾಗಿ ಹೇಳಿದರು. ಇಎಎಲ್ ಸಹಾಯ ಕ್ಲಾಸಿನೊಳಗೇ, ಒಂದು ಟರ್ಮ್ ಆದ ಮೇಲೆ ಮತ್ತೆ ನೋಡುತ್ತಾರಂತೆ. ಅದನ್ನು ಕೇಳಿ ಮಗಳೂ ಸ್ವಲ್ಪ ಅರಳಿದಳು.

ಇಬ್ಬರನ್ನೂ ಎರಡನೇ ಶಾಲೆಗೇ ಹಾಕುವ ಮನಸ್ಸಾಗಿದೆ, ಮಗಳಿಗೆ ಇಯರ್ 9. ಮಗನನ್ನು ಮಾತ್ರ ಮೂರನೆಯದಕ್ಕೆ ಹಾಕಿದರೆ ಫೀಸ್ ಉಳಿಯುತ್ತದೆ, ಹಾಗೆ ಮಾಡಬಹುದಾ? ಮತ್ತೆ ಇಲ್ಲಿಂದ ಹೊರಡುವಾಗ ಈಗಿನ ಶಾಲೆಯಿಂದ ಏನೇನು ಕಾಗದ ತಗೋಬೇಕು?

———

ಚಾಕ್‌ಪೀಸು ಬರೆದಿದ್ದು:

ಹೆಡ್ ಶಿಫಾರಸಿನ ಬಗ್ಗೆ ಬಿಚ್ಚಿ ಮಾತಾಡಿದರು ಅನ್ನೋದು ನನಗೆ ಎಲ್ಲಕ್ಕಿಂತ ಹಿಡಿಸಿತು. ಒಳ್ಳೆಯ ಆಯ್ಕೆ.

ಮಗನನ್ನು ಬೇರೆ ಶಾಲೆಗೆ ಹಾಕಬಹುದು, ತಪ್ಪೇನಿಲ್ಲ, ಪ್ರೈಮರಿ ನಿಮಗೆ ಹಿಡಿಸಿದೆ ಅಂತೀರಲ್ಲ. ಆದರೆ ಮೊದಲ ವರ್ಷ ಎರಡು ಶಾಲೆಯ ಎರಡು ರಜಾಪಟ್ಟಿ, ಎರಡು ಕಡೆ ಓಡಾಟ, ಹೊಸ ಊರು, ಯೋಚಿಸಿ. ಎರಡನೇ ಶಾಲೆಯಲ್ಲಿ ಅಣ್ಣತಮ್ಮ ಅಕ್ಕತಂಗಿಯರಿಗೆ ಫೀಸಿನಲ್ಲಿ ರಿಯಾಯಿತಿ ಇದೆಯಾ ಕೇಳಿ ನೋಡಿ, ಬಹಳ ಕಡೆ ಇರುತ್ತದೆ.

ಕಾಗದಗಳು: ಹಿಂದಿನ ಎರಡು ವರ್ಷದ ಪ್ರೋಗ್ರೆಸ್ ರಿಪೋರ್ಟ್ ಇಂಗ್ಲಿಷಿನಲ್ಲಿ, ಸೀಲ್ ಮತ್ತು ಸಹಿ ಜೊತೆ. ಟ್ರಾನ್ಸ್‌ಫರ್ ಸರ್ಟಿಫಿಕೇಟ್, ಕೆಲವು ದೇಶಗಳು ಅದಕ್ಕೆ ದೃಢೀಕರಣ ಕೇಳುತ್ತವೆ, ಅದಕ್ಕೆ ಸಮಯ ಹಿಡಿಯುತ್ತದೆ, ಈ ವಾರವೇ ವಿಚಾರಿಸಿ. ಲಸಿಕೆಯ ದಾಖಲೆ, ಜನನ ಪ್ರಮಾಣಪತ್ರ. ಮಗಳು ಈಗ ಬಳಸುತ್ತಿರುವ ಮ್ಯಾಥ್ಸ್ ಮತ್ತು ಸೈನ್ಸ್ ನೋಟ್‌ಬುಕ್ ಎರಡನ್ನೂ ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಿ. ಯಾವ ಸೆಟ್‌ಗೆ ಹಾಕಬೇಕು ಅಂತ ಟೀಚರ್ ಯೋಚಿಸುವಾಗ ಅಂಕಪಟ್ಟಿಗಿಂತ ಆ ನೋಟ್‌ಬುಕ್ಕೇ ಜಾಸ್ತಿ ಹೇಳುತ್ತದೆ. ಡೆಪಾಸಿಟ್ ಕಟ್ಟುವ ಮುಂಚೆ ಆಫರ್ ಪತ್ರದಲ್ಲಿ ಇಯರ್ 9 ಅಂತ ಬರೆದಿದೆಯಾ, ನೋಟಿಸ್ ಷರತ್ತು ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ.